ಮಾತು ಮುಚ್ಚುವ ಗಂಟಲು

ಮೊಮ್ಮಗಳು ಕೇಳುವ ಹಾಡುಗಾರರ ಹೆಸರು ನನಗೆ ಒಂದೂ ಗೊತ್ತಿಲ್ಲ. ಗಂಟಲು ಗೊತ್ತು. ಒಬ್ಬನದು ಕಾಲುವೆಯ ಕೆಸರಿನಲ್ಲಿ ಸಿಕ್ಕಿಬಿದ್ದ ಕೋಣದ ಗಂಟಲು. ಇನ್ನೊಬ್ಬನದು ಎಣ್ಣೆ ಕಾಣದ ರಾಟೆಯದು, ಮೇಲೆ ಹೋದಷ್ಟೂ ಕಿರ್ರೆನ್ನುತ್ತದೆ. ಒಬ್ಬ ಹೆಣ್ಣುಮಗಳೂ ಇದ್ದಾಳೆ. ಜೋಗುಳದ ಹಾಗೆ ಶುರುಮಾಡಿ ನಡುವೆಯೇ ಹಲ್ಲು ಕಚ್ಚಿ ಗುರ್ರೆನ್ನುತ್ತಾಳೆ. ಇದಕ್ಕೆ ಮೆಟಲ್ ಅನ್ನುತ್ತಾರಂತೆ.

ನನ್ನ ಓದು ಎರಡನೇ ಇಯತ್ತೆಗೆ ನಿಂತಿತು. ಆದರೆ ಗಂಟಲಿನ ವಿಷಯವನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾನು ಸತ್ತವರ ಮನೆಯಲ್ಲಿ ಹಾಡಿ ಅಳುವವಳು. ಗಂಡನ ಊರು ಸಿಂಧನೂರಿನ ಆಚೆ ವಳಕಮದಿನ್ನಿ. ಅಲ್ಲಿ ಯಾರ ಮನೆಯಲ್ಲಿ ಹೆಣ ಕೂಡಿಸಿದರೂ ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು. ನಾನು ಎತ್ತಿಕೊಟ್ಟರೆ ಉಳಿದವರು ಹಿಂದೆ ಬರುತ್ತಿದ್ದರು. ಸತ್ತವನು ರೊಟ್ಟಿಗೆ ಏನು ಹಚ್ಚಿಕೊಳ್ಳುತ್ತಿದ್ದ, ಎತ್ತನ್ನು ಏನೆಂದು ಕರೆಯುತ್ತಿದ್ದ, ಯಾರ ಸಂಗಡ ಮಾತು ಬಿಟ್ಟು ಹೋದ, ಎಲ್ಲ ಎತ್ತಾಡಿ ಅಳಬೇಕು. ಮಾತಿಲ್ಲದ ಅಳು ಬರೀ ಚೀರಾಟ. ದಿನವೆಲ್ಲ ಚೀರಿದರೂ ಯಾರ ಕಣ್ಣೂ ಒದ್ದೆಯಾಗುವುದಿಲ್ಲ.

ಗಂಡ ಹೋದ ಮೇಲೆ ಲಿಂಗಸುಗೂರಿಗೆ ಮಗನ ಮನೆಗೆ ಬಂದೆ. ಮಗ ಹಟ್ಟಿಯಲ್ಲಿ ಚಿನ್ನದ ಗಣಿಯ ಒಳಗೆ ಇಳಿಯುವವನು. ತಲೆಗೆ ಟೋಪಿ, ಟೋಪಿಗೆ ದೀಪ. ದಿನಾಲೂ ಬೈಕಿನ ಮೇಲೆ ಹೋಗಿಬರುತ್ತಾನೆ. ಸೊಸೆ ಅಂಗನವಾಡಿ ನಡೆಸುತ್ತಾಳೆ. ಮೊಮ್ಮಗಳು ಸಿಂಧನೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ, ರಜೆಗೆ ಮನೆಗೆ ಬರುತ್ತಾಳೆ. ಇಷ್ಟೇ ಮಂದಿ.

ಈ ಮನೆಯಲ್ಲಿ ಒಂದು ಮಾತು ಆಡುವುದಿಲ್ಲ. ಒಳಗೆ ಹೇಗಿದೆ ಎಂದು ಯಾರೂ ಮಗನನ್ನು ಕೇಳುವುದಿಲ್ಲ. ಅವನೂ ಹೇಳುವುದಿಲ್ಲ. ಹೊರಡುವಾಗ 'ಬರ್ತೀನಿ' ಅನ್ನುತ್ತಾನೆ, ಸೊಸೆ ಪಾತ್ರೆಯಿಂದ ತಲೆ ಎತ್ತದೆ 'ಹ್ಞೂಂ' ಅನ್ನುತ್ತಾಳೆ. ಬೈಕಿನ ಸದ್ದು ಸಂದಿ ದಾಟಿದ ಮೇಲೆ ನನ್ನ ಹೊಟ್ಟೆಯೊಳಗೆ ಒಂದು ಕೈ ಬಂದು ಕರುಳನ್ನು ಹಿಡಿಯುತ್ತದೆ. ಅವನು ತಿರುಗಿ ಬರುವ ತನಕ ಬಿಡುವುದಿಲ್ಲ. ಭೂಮಿ ಅಂದರೆ ನಮ್ಮ ಮಂದಿಗೆ ಗೊತ್ತು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಕುಣಿ ತೋಡಿ ಕೂಡಿಸುತ್ತೇವೆ. ಬದುಕಿರುವವನು ತಾನಾಗಿ ನೆಲದೊಳಗೆ ಇಳಿದು, ದುಡಿದು, ಮತ್ತೆ ಮೇಲೆ ಬರುವುದು ನನ್ನ ಬುದ್ಧಿಗೆ ಇಂದಿಗೂ ಹತ್ತಿಲ್ಲ.

ಒಂದು ರಜೆಯಲ್ಲಿ ಮೊಮ್ಮಗಳು ನನ್ನ ಪಕ್ಕ ಕೂತು ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. ಕಿವಿಯಲ್ಲಿ ವೈರು. ಅದರೊಳಗಿನಿಂದ ಏನೋ ಗುರುಗುಡುತ್ತಿತ್ತು.

"ಏನಬೇ ಅದು, ಬೋರು ಕೊರಿಯಾಕತ್ತಾರೇನು?"

"ಹಾಡು, ಆಯಿ." ಒಂದು ವೈರನ್ನು ಕಿತ್ತು ನನ್ನ ಕಿವಿಗೆ ತುರುಕಿದಳು.

ಕೋಣನ ಗಂಟಲಿನವನು. ನಾನು ಪಲ್ಯದ ಮೊರವನ್ನು ತಳ್ಳಿ ಎದ್ದೇಬಿಟ್ಟೆ. ಗಾಳಿ ಸೋಕಿದವರು ಹೀಗೆ ಗುರುಗುಡುವುದನ್ನು ಕಂಡಿದ್ದೇನೆ. ಕಿವಿಯೊಳಗಿನಿಂದ ಅದು ನನ್ನ ಮೈಗೆ ಇಳಿದೀತು ಎಂದು ವೈರನ್ನು ಎಳೆದು ಬಿಸಾಡಿದೆ.

"ಯಾರ ಮ್ಯಾಲ ಸಿಟ್ಟು ಇವಗ?"

"ಯಾರ ಮ್ಯಾಲೂ ಇಲ್ಲ. ಹಾಡೋದ ಹಂಗ."

"ಇವನ ಅವ್ವ ಕೇಳ್ಯಾಳೇನು ಇದನ್ನ?"

ಅವಳು ನಕ್ಕಳು. ಆದರೆ ಮರುದಿನ ನಾನೇ ಕೇಳಿ ಹಾಕಿಸಿಕೊಂಡೆ. ಯಾಕೆಂದು ಹೇಳುತ್ತೇನೆ. ಅಂದು ಮಗ ಒಳಗೆ ಇಳಿದಿದ್ದ. ಹೊಟ್ಟೆಯೊಳಗಿನ ಕೈ ಬಿಗಿಯುತ್ತಿತ್ತು. ನನ್ನ ಹೊಟ್ಟೆಯಲ್ಲಿ ಆಗುತ್ತಿದ್ದುದನ್ನು ಆ ಕೋಣ ತನ್ನ ಗಂಟಲಿನಿಂದ ಮಾಡುತ್ತಿದ್ದ. ಎಷ್ಟೋ ವರ್ಷ ನಾನು ಊರಿನವರ ಸಲುವಾಗಿ ಅತ್ತಿದ್ದೇನೆ. ನನ್ನ ಸಲುವಾಗಿ ಒಬ್ಬ ಅಂಜುತ್ತಿದ್ದ.

ಆಮೇಲೆ ಉಳಿದವರನ್ನೂ ಕೇಳಿಸಿದಳು. ರಾಟೆಯ ಗಂಟಲಿನವನು ನನಗೆ ಸೇರಲಿಲ್ಲ.

"ಇವ ತನ್ನ ದನಿ ತಾನ ಕೇಳಕೋತ ಹಾಡತಾನ," ಎಂದೆ. "ಅಳೋ ಮನ್ಯಾಗೂ ಇಂಥವರು ಇರ್ತಾರ. ಸೆರಗಿನ ಸಂದ್ಯಾಗಿಂದ ಯಾರು ನೋಡಾಕತ್ತಾರ ಅಂತ ನೋಡತಿರ್ತಾರ."

"ಆಯಿ, ನೀ ಮಂದೀಗೆ ಮಾರ್ಕ್ಸ್ ಕೊಡೂದು ಯಾವಾಗ ಬಿಡ್ತಿ?"

"ಸತ್ತ ಮ್ಯಾಲ."

ಒಂದು ದಿನ ನಾನು ಕೋಣನ ಮಾತೇನು ಎಂದು ಕೇಳಿದೆ. ಕೇಳಬಾರದಿತ್ತು. ಅವಳು ಫೋನಿನಲ್ಲಿ ನೋಡಿಕೊಂಡು ಒಂದೊಂದೇ ಸಾಲನ್ನು ನಮ್ಮ ಮಾತಿನಲ್ಲಿ ಹೇಳಿದಳು. ಒಬ್ಬ ಮನುಷ್ಯ ನೆಲದೊಳಗೆ ಇಳಿದಿದ್ದಾನೆ. ಮೇಲಿನ ಬಂಡೆ ಕುಸಿದು ಕೂತಿದೆ. ಅವನು ಕೆಳಗಿನಿಂದ ಕೂಗುತ್ತಾನೆ. ಮೇಲೆ ನಿಂತ ಮಂದಿ ಗಾಳಿಯ ಸದ್ದು ಎಂದುಕೊಂಡು ಮನೆಗೆ ಹೋಗುತ್ತಾರೆ.

ನಾನು ಅವಳ ಫೋನಿನ ಮೇಲೆ ಕೈ ಇಟ್ಟೆ.

"ಬಂದ್ ಮಾಡು ಅದನ್ನ."

"ದನಿ ಅದ ಐತಲ್ಲ, ಆಯಿ. ನಿನ್ನಿ ಚಲೋ ಅದಾನ ಅಂದಿದ್ದಿ."

"ನಿನ್ನಿ ನನಗ ತಿಳಿದಿದ್ದಿಲ್ಲ."

ರಾಟೆಯವನ ಮಾತನ್ನೂ ಹೇಳಿದಳು. ಅವನ ತಾಯಿ ಸತ್ತಿದ್ದಾಳೆ. ಅವಳು ಕುಡಿದಿಟ್ಟ ಲೋಟವನ್ನು ಅವನು ತೊಳೆಯುವುದೇ ಇಲ್ಲ, ತಳದಲ್ಲಿ ಒಣಗಿದ ಚಹಾದ ಗುರುತನ್ನು ನೋಡುತ್ತಾ ಕೂರುತ್ತಾನೆ. ಇಷ್ಟೇ ಹಾಡು. ನಾನು ಅದನ್ನು ಮತ್ತೆ ಹಾಕಿಸಿದೆ. ಅದೇ ಕಿರ್ರೆನ್ನುವ ಗಂಟಲು, ಆದರೆ ಈಗ ಅದು ಮೇಲಕ್ಕೆ ಹೋದಾಗ ಲೋಟ ಕಾಣುತ್ತಿತ್ತು. ಸೇರದವನು ಸೇರಿದ. ಸೇರಿದವನ ದನಿ ಬಂದರೆ ವೈರು ಕೀಳುತ್ತಿದ್ದೆ. ಗಂಟಲು ಹತ್ತಿರ ಕರೆಯುತ್ತದೆ, ಹತ್ತಿರ ಹೋದ ಮೇಲೆ ಮಾತು ಕೈ ಹಿಡಿಯುತ್ತದೆ, ಇಲ್ಲವೇ ಕುತ್ತಿಗೆ ಹಿಡಿಯುತ್ತದೆ.

"ನಿಮ್ಮಪ್ಪ ದಿನಾ ಎಲ್ಲಿ ಇಳೀತಾನ ಗೊತ್ತೈತಿಲ್ಲ?" ಎಂದೆ. "ಗೊತ್ತಿದ್ದೂ ಅದ್ಯಾಕ ಕೇಳತಿ?"

ಅವಳು ಕಿವಿಯ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ಅಂಜಿಕಿ ಬರ್ತದ, ಅದಕ್ಕ ಕೇಳತೀನಿ. ಈ ಮನ್ಯಾಗ ಯಾರೂ ಬಾಯಿ ಬಿಡಂಗಿಲ್ಲ. ಹಾಡೋ ಅವನರೆ ಬಿಡತಾನ."

ಅವಳ ಹೊಟ್ಟೆಯಲ್ಲೂ ಆ ಕೈ ಇದೆ ಎಂದು ನನಗೆ ಅಂದು ತಿಳಿಯಿತು.

ಅವಳು ಬರೀ ಕೇಳುವವಳಲ್ಲ, ತಾನೂ ಹಾಡುತ್ತಿದ್ದಳು. ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಹಿಂದೆ ಒಂದು ಖೋಲಿ. ಅಲ್ಲಿ ಅವಳ ಕಾಲೇಜಿನ ಇಬ್ಬರು ಗೆಳತಿಯರು ಗಿಟಾರು, ಡ್ರಮ್ಮು ಬಾರಿಸುತ್ತಾರೆ. ಇವಳು ಗುರ್ರೆನ್ನುತ್ತಾಳೆ. ಸೊಸೆಗೆ ಇದು ಗೊತ್ತು. ಬಟ್ಟೆ ಮಡಿಚುತ್ತಾ ಒಮ್ಮೆ ನನಗೆ ಹೇಳಿದಳು: "ಅತ್ತಿ, ನಿಮ್ಮ ಮೊಮ್ಮಗಳನ್ನ ನೋಡಾಕ ಬೀಗರು ಬಂದ್ರ ನಿಮ್ಮನ್ನ ಮುಂದ ಕೂಡಸ್ತೀನಿ. ಅಕೀಗೆ ಹಾಡಂತ ಹೇಳಬ್ಯಾಡ್ರಿ ಮತ್ತ."

ಒಂದು ಶನಿವಾರ ಬಂದವಳು ನನ್ನ ಹಾಸಿಗೆಯ ಮೇಲೆ ಕೂತು ಕಾಲೊತ್ತತೊಡಗಿದಳು. ಕೇಳದೆ ಕಾಲೊತ್ತಿದರೆ ಏನೋ ಬೇಕಾಗಿದೆ ಎಂದೇ ಅರ್ಥ.

"ಏನು ಬೇಕು?"

"ಇಂಗ್ಲಿಷ್ ಮಾತು ಬಾಯಾಗ ಕುಂದ್ರವಲ್ಲವು, ಆಯಿ. ಗುರ್ ಅಂದ್ರ ಉದುರಿ ಹೋಗತಾವು. ನಮ್ಮ ಮಾತು ಬೇಕು. ಮುತ್ಯಾ ಸತ್ತಾಗ ನೀ ಹಾಡಿ ಅತ್ತಿದ್ದಿ ನೋಡು, ಅಂಥದ್ದು."

ನಾನು ಕಾಲು ಎಳೆದುಕೊಂಡೆ. ಬದುಕಿರುವವರ ಮನೆಯಲ್ಲಿ ಹೆಣದ ಹಾಡು ಎತ್ತಬಾರದು. ಅದು ಕಲಿಯುವುದಲ್ಲ, ಕಲಿಸುವುದಲ್ಲ, ಬಾಯಿಗೆ ಬಂತೆಂದು ಗುನುಗುವುದಲ್ಲ. ಯಾರಿಗೆ ಹಾಡಿದೆವೋ ಅವರ ಸಂಗಡ ಅದು ಕುಣಿಗೆ ಹೋಗುತ್ತದೆ. ನಮ್ಮೂರಲ್ಲಿ ಭತ್ತದ ಕಳೆ ತೆಗೆಯುವಾಗ ಒಬ್ಬ ಸೊಸೆ ಮೈಮರೆತು ಹಾಗೆ ರಾಗ ಎಳೆದಳು. ಹೆಂಗಸರು ಅವಳನ್ನು ಗದ್ದೆಯಿಂದ ಹೊರಗೆ ಅಟ್ಟಿ ಕಾಲುವೆಯಲ್ಲಿ ಬಾಯಿ ತೊಳೆಸಿದರು. ಹಾಡು ಹಾಡಿದರೆ ಅದಕ್ಕೊಂದು ಹೆಣ ಬೇಕು. ಇಲ್ಲದಿದ್ದರೆ ಹುಡುಕಿಕೊಳ್ಳುತ್ತದೆ.

ಇದನ್ನೆಲ್ಲ ಹೇಳಿದೆ. ಅವಳು ವಾದಕ್ಕೆ ಇಳಿದಳು.

"ಹಂಗಾದ್ರ ಮುತ್ಯಾಗ ಹಾಡು. ಅವ ಹ್ಯಾಂಗೂ ಹೋಗ್ಯಾನ. ಮನ್ಯಾಗ ಬ್ಯಾಡ, ಅವನ ಗದ್ದಿಗಿ ಮುಂದ ಹಾಡು. ಯಾರಿಗೆ ಏನಾಗ್ತದ?"

ಯೋಚನೆ ಮಾಡಿದೆ. ಗಂಡನಿಗೆ ನಾನು ಅತ್ತದ್ದು ಸಾಲದು ಎಂದು ನನಗೇ ಒಳಗೊಳಗೆ ಇತ್ತು. ಅಂದು ಬಂದವರಿಗೆ ಚಹಾ ಮಾಡಿಸುವುದರಲ್ಲೇ ಅರ್ಧ ಅಳು ನಿಂತಿತ್ತು. ಸತ್ತವನಿಗೆ ಎರಡನೇ ಸಲ ಅತ್ತರೆ ಸಾವು ಎಲ್ಲಿಂದ ಬರಬೇಕು? ಹೂಂ ಅಂದೆ.

ಸೋಮವಾರ ಮಗನಿಗೆ ಬೆಳಗಿನ ಶಿಫ್ಟು. ಅವನು ಹೋದ ಮೇಲೆ ನಾವು ಬಸ್ಸು ಹತ್ತಿದೆವು. ಸೊಸೆಗೆ, ಗದ್ದಿಗಿಗೆ ಕಾಯಿ ಒಡೆಸಿ ಬರುತ್ತೇವೆ ಎಂದು ಹೇಳಿದ್ದೆವು. ಮಸ್ಕಿಯ ಮೇಲೆ ಸಿಂಧನೂರು, ಅಲ್ಲಿಂದ ಆಟೋ. ಗಂಡನನ್ನು ನಮ್ಮ ಹೊಲದಲ್ಲೇ ಕೂಡಿಸಿದ್ದು. ಮೈದುನನ ಮಗ ಹೊಲ ಮಾಡುತ್ತಾನೆ. ಗದ್ದಿಗಿಯ ಸುತ್ತ ಒಂದಿಷ್ಟು ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ಭತ್ತ ಹಚ್ಚಿದ್ದ. ಎಲ್ಲೂ ಒಬ್ಬ ನರಮನುಷ್ಯನೂ ಇರಲಿಲ್ಲ. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು.

ಕಾಯಿ ಒಡೆದೆ. ವಿಭೂತಿ ಹಚ್ಚಿದೆ. ಮೊಮ್ಮಗಳು ಫೋನು ಹಿಡಿದು ಎದುರಿಗೆ ಕೂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು ದನಿ ಎತ್ತಿದೆ.

ಗಂಟಲು ಮುದಿಯಾಗಿದೆ, ಮೊದಲು ಒಡೆಯಿತು. ಆಮೇಲೆ ಹಾದಿ ಸಿಕ್ಕಿತು. ಅವನ ಎತ್ತು, ಅವನ ಎಲೆ ಅಡಿಕೆಯ ಚಂಚಿ, ಉಪ್ಪು ಹೆಚ್ಚಾದರೆ ತಾಟು ಸರಿಸುತ್ತಿದ್ದುದು, ನೀರು ಬಿಡುವ ಸಲುವಾಗಿ ಪಕ್ಕದ ಹೊಲದವನ ಸಂಗಡ ಸಾಯುವ ತನಕ ಮಾತು ಬಿಟ್ಟದ್ದು. ಒಂದರ ಹಿಂದೆ ಒಂದು ತಾನಾಗಿ ಬರತೊಡಗಿತು. ಹಾಡಿ ಅಳುವಾಗ ಮಾತನ್ನು ನಾವು ಆರಿಸುವುದಿಲ್ಲ. ಅದು ಬರುತ್ತದೆ, ನಾವು ಬಾಯಿ ಕೊಡುತ್ತೇವೆ. ಹಾಗೆಯೇ ಇದೂ ಬಂತು:

ನೆತ್ತಿಗಿ ದೀಪ ಕಟಗೊಂಡು ನೆಲದಾಗ ಇಳಿದ್ಯಲ್ಲೋ,
ಕೆಳಗಿಂದ ನೀ ಕೂಗಿದ್ದು ಗಾಳಿ ಅಂದೆವಲ್ಲೋ.

ಬಾಯಿ ದಾಟಿದ ಮೇಲೆ ಕೇಳಿಸಿತು. ದನಿ ನಿಲ್ಲಿಸಿದೆ. ನನ್ನ ಗಂಡ ಹುಟ್ಟಿದ್ದು, ದುಡಿದದ್ದು ಬಿಸಿಲಿನಲ್ಲಿ. ಅವನು ಎಂದೂ ತಲೆಗೆ ದೀಪ ಕಟ್ಟಿದವನಲ್ಲ, ನೆಲದೊಳಗೆ ಇಳಿದವನಲ್ಲ. ಆ ಮಾತು ಕೋಣನದು. ಅದು ನನ್ನೊಳಗೆ ಕೂತು ಹೊತ್ತು ಕಾಯುತ್ತಿತ್ತು. ನಾನು ಬದುಕಿರುವ ಮಗನಿಗೆ ಹೆಣದ ಹಾಡು ಹಾಡಿದ್ದೆ. ಅದೂ ಅವನು ಕೆಳಗೆ ಇದ್ದ ಹೊತ್ತಿನಲ್ಲಿ.

ಮೊಮ್ಮಗಳು ರೆಕಾರ್ಡಿಂಗ್ ನಿಲ್ಲಿಸಿದಳು. ಕಾಯಿಯ ಹೋಳನ್ನು ಅಲ್ಲೇ ಬಿಟ್ಟು ಎದ್ದೆವು.

ಸಿಂಧನೂರಿನಿಂದ ಬಸ್ಸಿನಲ್ಲಿ ಕಿಟಕಿಯ ಸರಳು ಹಿಡಿದು ಕೂತಿದ್ದೆ. ಗೊರೇಬಾಳದ ಹತ್ತಿರ ಹೆಂಗಸರು ಮೊಣಕಾಲುದ್ದ ನೀರಿನಲ್ಲಿ ನಾಟಿ ಹಚ್ಚುತ್ತಿದ್ದರು. ಅವರ ಬಾಯಿ ಆಡುವುದು ಕಾಣುತ್ತಿತ್ತು, ಏನು ಹಾಡುತ್ತಿದ್ದರೋ ಕೇಳಿಸಲಿಲ್ಲ. ಮಸ್ಕಿಯಲ್ಲಿ ಬಸ್ಸು ನಿಂತಿತು. ಮಸ್ಕಿ ನನ್ನ ತವರು. ಬೇರೆ ದಿನವಾಗಿದ್ದರೆ ಇಳಿದು ತಮ್ಮನ ಮನೆಗೆ ಹೋಗಿ ಉಂಡೇ ಬರುತ್ತಿದ್ದೆ. ಅಂದು ಬೆಟ್ಟದ ಕಡೆ ಕೈ ಮುಗಿಯಲೂ ಕೈ ಏಳಲಿಲ್ಲ. ಆ ಬಂಡೆಗಳನ್ನು ನೋಡಿದರೆ ಒಂದರ ಮೇಲೊಂದು ಕೂರುತ್ತಿರುವ ಹಾಗೆ ಕಂಡಿತು.

ಮೊಮ್ಮಗಳು ಆಗ ಬಾಯಿ ಬಿಟ್ಟಳು. ಮೆಲ್ಲಗೆ.

"ಆಯಿ, ಮುತ್ಯಾ ಹೊಲ ಮಾಡತಿದ್ದ."

"ಗೊತ್ತು."

"ಅಪ್ಪನ ಶಿಫ್ಟ್ ಬಿಟ್ಟಿರಬೇಕು. ಫೋನ್ ಹಚ್ಚಲೇನು?"

"ಹಚ್ಚು."

ಹಚ್ಚಿದಳು. ಬಂದ್ ಇತ್ತು. ಮತ್ತೆ ಹಚ್ಚಿದಳು. ಮತ್ತೆ ಬಂದ್.

"ಅಳಿಸಿ ಬಿಡ್ತೀನಿ ಅದನ್ನ," ಎಂದಳು.

"ಫೋನಿನ್ಯಾಗಿಂದ ಅಳಿಸ್ತಿ. ನನ್ನ ಬಾಯಿಂದ ಹೊಂಟಿದ್ದನ್ನ ಹ್ಯಾಂಗ ಅಳಿಸ್ತಿ?"

"ಸುಳ್ಳ ಸತ್ತ ಸುದ್ದಿ ಬಂದ್ರ ಆಯುಷ್ಯ ಹೆಚ್ಚಾಕ್ಕೈತಿ ಅಂತಾರಲ್ಲ?"

"ಅದು ಸುದ್ದಿ. ಇದು ಸುದ್ದಿ ಅಲ್ಲ. ನಾ ಕರದೀನಿ."

ಪಕ್ಕದಲ್ಲಿ ಕೂತ ಹೆಂಗಸು ನಮ್ಮಿಬ್ಬರ ಮುಖ ನೋಡಿ, "ಯಾರರ ತೀರಿಕೊಂಡಾರೇನ್ರಿ?" ಎಂದು ಕೇಳಿದಳು. ಇಲ್ಲ ಅನ್ನಲು ನಾಲಿಗೆ ಅಂಜಿತು. ಇಲ್ಲ ಎಂದ ಮೇಲೆ ಮನೆಗೆ ಹೋಗಿ ನೋಡಿದರೆ ಏನಿರುತ್ತದೋ.

ಲಿಂಗಸುಗೂರು ಮುಟ್ಟಿದಾಗ ಹೊತ್ತು ವಾಲಿತ್ತು. ಅಂಗಳದಲ್ಲಿ ಬೈಕು ಇರಲಿಲ್ಲ. ಸೊಸೆ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು.

"ಬಂದಾನೇನು?"

"ಇನ್ನಾ ಇಲ್ರೀ. ಎಲ್ಲೆರ ನಿಂತಿರಬೇಕು."

ಅವಳು ಕಲ್ಲು ಆರಿಸುತ್ತಲೇ ಇದ್ದಳು. ಆದರೆ ಮೊರದ ಒಂದೇ ಜಾಗದಲ್ಲಿ ಅವಳ ಬೆರಳು ತಿರುಗುತ್ತಿತ್ತು, ಅಲ್ಲಿ ಕಲ್ಲೇ ಇರಲಿಲ್ಲ. ಅವಳಿಗೆ ಹೇಳಲೇ ಎಂದುಕೊಂಡೆ. ಏನೆಂದು ಹೇಳಲಿ, ನಿನ್ನ ಗಂಡನಿಗೆ ಅತ್ತು ಬಂದಿದ್ದೇನೆ ಎಂದೇ? ಮೊಮ್ಮಗಳು ಬಾಗಿಲಿನಲ್ಲಿ ನಿಂತು ಉಗುರು ಕಚ್ಚುತ್ತಿದ್ದಳು. ಸಂದಿಯಲ್ಲಿ ಒಂದೊಂದು ಬೈಕು ಬಂದಾಗಲೂ ನಾವು ಮೂವರೂ ತಲೆ ಎತ್ತುತ್ತಿದ್ದೆವು. ಬೈಕು ಮುಂದೆ ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಕಂಬಕ್ಕೆ ಬೆನ್ನು ಕೊಟ್ಟು ಕೂತು ಹಲ್ಲು ಬಿಗಿಹಿಡಿದಿದ್ದೆ. ಬಾಯಿ ತೆಗೆದರೆ ಹಾಡಿನ ಉಳಿದ ಅರ್ಧ ಹೊರಗೆ ಬಂದೀತು ಎಂಬ ಭಯ. ಏಕೆಂದರೆ ಅದು ಒಳಗೆ ನಡೆದೇ ಇತ್ತು. ಮಗನ ಸಾಲುಗಳನ್ನು ಒಂದೊಂದಾಗಿ ಜೋಡಿಸಿಕೊಳ್ಳುತ್ತಿತ್ತು. ಸಣ್ಣವನಿದ್ದಾಗ ರೊಟ್ಟಿಯ ಅಂಚು ಮುರಿದು ಬಿಟ್ಟು ನಡುವಿನದ್ದು ಉಣ್ಣುತ್ತಿದ್ದುದು. ಬೈಕಿನ ಸೀಟನ್ನು ಅಂಗಿಯ ತೋಳಿನಿಂದ ಒರೆಸುವುದು. ನಾನು ಬೇಡ ಬೇಡ ಎಂದರೂ ಬರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಬೈಕು ಬಂತು. ಇಳಿದವನ ತಲೆ ಬೋಳು.

ಬೋಳುತಲೆ ನೋಡಿದರೆ ಯಾರದೋ ಸಾವು ನೆನಪಾಗುವ ಕಾಲ ನನ್ನದು. ಸತ್ತವನೇ ಬಂದನೋ, ಬಂದವನು ಯಾರನ್ನಾದರೂ ಕಳೆದುಕೊಂಡನೋ ಎಂದು ತಿಳಿಯದೆ ಕೂತಲ್ಲೇ ಕೂತೆ.

"ಏನಲೇ ಇದು?" ಎಂದೆ. ದನಿ ನನ್ನದಾಗಿರಲಿಲ್ಲ.

"ಕಟಿಂಗ್, ಯವ್ವ. ಟೋಪಿ ಒಳಗ ಭಾಳ ಬೆವರತೈತಿ ಅಂತ ಪೂರಾ ಹೊಡಿ ಅಂದೆ. ಗದ್ದಲ ಇತ್ತು ಅಂಗಡ್ಯಾಗ. ಮಂಡಕ್ಕಿ ಮಿರ್ಚಿ ತಂದೀನಿ, ಆರಿ ಹೋಗ್ಯಾವು."

"ಫೋನ್ ಏನ್ ಮಾಡಿದಿ?"

"ಚಾರ್ಜ್ ಮುಗೀತು."

"ನಿನ್ನ ಫೋನಿಗೆ ಬೆಂಕಿ ಹಚ್ಚಲಿ. ಮಂಡಕ್ಕಿಗೂ."

ಅವನು ಹೆಂಡತಿಯ ಕಡೆ ನೋಡಿದ. "ಏನಾಗೈತಿ ಯವ್ವಗ?"

"ಗದ್ದಿಗಿಗೆ ಹೋಗಿದ್ರು, ಬಿಸಿಲು ಬಡದಿರಬೇಕು," ಎಂದು ಸೊಸೆ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಅಕ್ಕಿ ಅರ್ಧ ನೆಲಕ್ಕೆ ಚೆಲ್ಲಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ.

ಅವನು ಉಂಡ, ಮಲಗಿದ. ಕರೆದದ್ದು ಅಂದೇ ಬರಬೇಕೆಂದು ಎಲ್ಲೂ ಇಲ್ಲ. ಇದು ನನಗೆ ಗೊತ್ತಿತ್ತು. ಮೊಮ್ಮಗಳಿಗೆ ಹೇಳಲಿಲ್ಲ.

ಕೆಲವು ವಾರ ಕಳೆದ ಮೇಲೆ ಅವಳು ಸಿಂಧನೂರಿನಿಂದ ಬಂದು ನನ್ನ ಕಿವಿಗೆ ವೈರು ಇಟ್ಟಳು. ಮೊದಲು ನನ್ನ ಒಡೆದ ದನಿ, ಹೊಲದ ಗಾಳಿಯ ಸಮೇತ. ಅಳಿಸಿರಲಿಲ್ಲ. ಆಮೇಲೆ ಡ್ರಮ್ಮು ಬಿತ್ತು. ಆಮೇಲೆ ಅವಳು. ನಾನು ಹೆತ್ತವನು ಹುಟ್ಟಿಸಿದ ಹುಡುಗಿಯ ಬಾಯಿಂದ ಬರುವ ಸದ್ದಲ್ಲ ಅದು. ನೆಲದೊಳಗಿನದು. ಗಂಡನ ಎತ್ತು, ಚಂಚಿ, ತಾಟು, ಎಲ್ಲವನ್ನೂ ಅವಳು ಆ ಗಂಟಲಿನಲ್ಲಿ ಹಾಕಿ ಅರೆದಿದ್ದಳು. ಕೊನೆಗೆ ದೀಪದ ಸಾಲು. ಅದನ್ನೂ ಬಿಟ್ಟಿರಲಿಲ್ಲ.

ವೈರು ಕಿತ್ತೆ. "ಅದನ್ಯಾಕ ಇಟ್ಟಿ? ಹೇಳೇನಿಲ್ಲ ನಿನಗ?"

"ಏನಂದೆ ನಾ ಅಲ್ಲಿ?"

"ನನಗ ಕೇಳ್ತಿಯೇನು?"

"ನಿನಗ ಗೊತ್ತೈತಿ, ಅದಕ್ಕ ಕೇಳ್ತೈತಿ. ಬ್ಯಾರೇದವರಿಗೆ ಒಂದು ಅಕ್ಷರ ತಿಳಿಯಂಗಿಲ್ಲ. ನಾಕು ಮಂದೀಗೆ ಕೇಳಿಸೀನಿ, ಏನಂದೆ ಅಂತ ಯಾರೂ ಹೇಳಲಿಲ್ಲ. ನಿಮ್ಮ ಯಮಗೂ ತಿಳಿಯಂಗಿಲ್ಲ ತಗೋ. ಅದಕ್ಕ ಅದನ್ನ ಗುರ್ ಅಂದೀನಿ. ಉಳಿದದ್ದು ತಿಳಿದ್ರೂ ನಡೀತೈತಿ."

ಆ ಹೊತ್ತಿಗೆ ಮಗ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತಾ ಬಂದು, "ನನಗೂ ಕೇಳಿಸ್ರೆಲೇ," ಎಂದು ಪಕ್ಕ ಕೂತ. ನಾನು ಬೇಡ ಅನ್ನುವುದರೊಳಗೆ ಅವಳು ಅವನ ಕಿವಿಗೆ ಇಟ್ಟುಬಿಟ್ಟಳು. ಇಟ್ಟವಳು ಉಗುರು ಕಚ್ಚತೊಡಗಿದಳು. ಅವನು ಕಣ್ಣು ಮುಚ್ಚಿ ಕೇಳಿದ. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕಿದ. ಎಲ್ಲಿಯವರೆಗೆ ಬಂತು ಎಂದು ಅವನ ಬೆರಳಿನಿಂದಲೇ ನಾನು ಎಣಿಸುತ್ತಿದ್ದೆ. ದೀಪದ ಸಾಲು ಬಂತು. ಬೆರಳು ನಿಲ್ಲಲಿಲ್ಲ.

"ಮೊದಲಿಂದ್ದು ಯವ್ವನ ದನಿ ಅಲ್ಲೇನು? ಅಪ್ಪನ ಎತ್ತು ಗಿತ್ತು," ಎಂದ. "ಕಡೀಕ ಏನಂತಾಳಿಕಿ? ಒಂದೂ ತಿಳಿಯಂಗಿಲ್ಲ."

"ಹಂಗ ಇರಬೇಕದು," ಎಂದೆ.

"ಚಲೋ ಐತಿ ಬಿಡು. ಒಳಗ ಮಷಿನ್ ಶುರುವಾದ್ರ ಹಿಂಗ ಸದ್ದು."

ಒಳಗಿನ ಮಾತು ಅವನು ಈ ಮನೆಯಲ್ಲಿ ಆಡಿದ್ದು ಅದೇ ಮೊದಲು. ಸೊಸೆ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ ನೋಡಿದಳು, ಮತ್ತೆ ಒಳಗೆ ಎಳೆದುಕೊಂಡಳು.

ಈಗ ಬೆಳಗಿನ ಶಿಫ್ಟಿಗೆ ಅವನು ಬೈಕಿಗೆ ಒದೆಯುವ ಹೊತ್ತಿಗೆ ಆ ಸಾಲು ನನ್ನ ನಾಲಿಗೆಗೆ ಬರುತ್ತದೆ. ಬರಬೇಡ ಎಂದರೆ ಕೇಳುವುದಿಲ್ಲ. ಮೊಮ್ಮಗಳು ಕಲಿಸಿದ್ದಾಳೆ, ಹೊಟ್ಟೆಯಿಂದ ಗಾಳಿ ಎತ್ತಿ ಗಂಟಲು ಕಿರಿದು ಮಾಡಬೇಕು, ತುಟಿ ಆಡಿಸಬಾರದು. ಕಂಬಕ್ಕೆ ಒರಗಿ ಹಾಗೆ ಮಾಡುತ್ತೇನೆ. ಸಂದಿಯ ಮಂದಿ ಮುದುಕಿಗೆ ಕಫ ಕಟ್ಟಿದೆ ಎಂದುಕೊಳ್ಳುತ್ತಾರೆ. ಸೊಸೆ ಬಿಸಿನೀರು ತಂದಿಡುತ್ತಾಳೆ. ಬೈಕು ಸಂದಿ ದಾಟುವ ತನಕ ಗುರ್ರೆನ್ನುತ್ತೇನೆ, ಒಂದು ಅಕ್ಷರವೂ ಯಾರಿಗೂ ತಿಳಿಯದ ಹಾಗೆ. ಆಮೇಲೆ ಅವನು ಬರುವ ತನಕ ಬಾಯಿ ತೆಗೆಯುವುದಿಲ್ಲ.